ನೆಲ ನೋಡಿ ನಡೆಯಬೇಕಾದ ಊರು



ಹಾಳುಬಿದ್ದ ಹಳೆಯ ಊರು ನೋಡಲು ಹೋದವರು ಸಾಮಾನ್ಯವಾಗಿ ಕತ್ತೆತ್ತಿ ನಡೆಯುತ್ತಾರೆ. ಕಂಬ, ಕಮಾನು, ಅರ್ಧಕ್ಕೆ ಮುರಿದು ನಿಂತ ಗೋಡೆ ಎಲ್ಲವೂ ಮೇಲೆಯೇ ತಾನೇ ಇರುವುದು. ಇವತ್ತು ನಾನು ಹೇಳಹೊರಟಿರುವ ಊರಿನಲ್ಲಿ ಹಾಗೆ ನಡೆದರೆ ಅರ್ಧ ಊರು ಕಾಣದೆಯೇ ಹೋಗುತ್ತದೆ. ಅದು ರೋಮ್ ನಗರದ ಹಳೆಯ ಬಂದರು, ಓಸ್ತಿಯಾ. ಅಲ್ಲಿನ ಜನ ತಮ್ಮ ಹೆಸರು, ಕಸುಬು, ದೇವರು, ಹೊಟ್ಟೆಕಿಚ್ಚು, ತಮಾಷೆ ಎಲ್ಲವನ್ನೂ ನೆಲದ ಮೇಲೆಯೇ ಬರೆಸಿಟ್ಟು ಹೋಗಿದ್ದಾರೆ. ಸುಣ್ಣದ ಗಾರೆಯಲ್ಲಿ ಕೂರಿಸಿದ ಕಲ್ಲಿನ ಚೂರುಗಳೇ ಅಲ್ಲಿನ ಅಕ್ಷರ. ಮೊಸಾಯಿಕ್ ಎಂದು ನಾವು ಕರೆಯುವುದು ಇದನ್ನೇ.

ಇಟಲಿಗೆ ಹೋದ ನಮ್ಮವರನ್ನೆಲ್ಲ ಪ್ರವಾಸದ ಕಂಪನಿಗಳು ಪಾಂಪೇಯಿಗೆ ಕರೆದೊಯ್ಯುತ್ತವೆ. ತಪ್ಪೇನಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು, ಎರಡು ದಿನದೊಳಗೆ ಬೂದಿಯಡಿ ಹೂತುಹೋದ ಆ ಊರಿನ ಕಥೆಗೆ ಎದೆ ನಡುಗಿಸುವ ಶಕ್ತಿ ಇದೆ. ಓಸ್ತಿಯಾಕ್ಕೆ ಅಂಥ ಅಬ್ಬರದ ಸಾವು ಬರಲಿಲ್ಲ. ನದಿ ಹೂಳು ತಂದು ಸುರಿಯಿತು, ವ್ಯಾಪಾರ ಪಕ್ಕದ ಬಂದರಿಗೆ ಸರಿಯಿತು, ಬಾಡಿಗೆಯವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಹಾಗಾಗಿ ಅಲ್ಲಿ ನೋಡುವವರ ಕಣ್ಣಲ್ಲಿ ನೀರು ಬರಿಸುವಂಥದ್ದು ಏನೂ ಇಲ್ಲ. ಆದರೆ ಸಾಮಾನ್ಯ ರೋಮನ್ನನೊಬ್ಬ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದ, ಮಧ್ಯಾಹ್ನ ಎಲ್ಲಿ ತಿನ್ನುತ್ತಿದ್ದ, ಸಂಜೆ ಎಲ್ಲಿ ಮೀಯುತ್ತಿದ್ದ ಎಂದು ತಿಳಿಯಬೇಕಾದರೆ, ನನ್ನನ್ನು ಕೇಳಿದರೆ, ಮೊದಲು ಹೋಗಬೇಕಾದ ಜಾಗ ಇದೇ.

ಹೋಗುವುದು ಕಷ್ಟವೂ ಅಲ್ಲ. ರೋಮಿನ ಪಿರಮಿಡ್ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಸಮುದ್ರದ ಕಡೆಗೆ ಹೋಗುವ ಲೋಕಲ್ ರೈಲು ಸಿಗುತ್ತದೆ, ಸುಮಾರು ಅರ್ಧ ಗಂಟೆಯ ದಾರಿ. ಬೇಸಿಗೆಯಲ್ಲಿ ಆ ರೈಲಿನ ತುಂಬ ಹೆಗಲಿಗೆ ಟವೆಲ್ ಹಾಕಿಕೊಂಡ ಹುಡುಗ ಹುಡುಗಿಯರು. ಅವರೆಲ್ಲ ಕಡಲಿಗೆ ಹೊರಟವರು. ‘ಓಸ್ತಿಯಾ ಆಂತೀಕಾ’ ಎಂಬ ನಿಲ್ದಾಣದಲ್ಲಿ ಇಳಿಯುವವರು ಕೆಲವೇ ಮಂದಿ. ಹೆದ್ದಾರಿಯ ಮೇಲಿನ ಕಾಲುಸೇತುವೆ ದಾಟಿ ಸ್ವಲ್ಪ ನಡೆದರೆ ಟಿಕೆಟ್ ಕೌಂಟರು. ಅದರಾಚೆ ಮೊದಲು ಸಮಾಧಿಗಳು, ಆಮೇಲೆ ಊರಬಾಗಿಲು. ಸತ್ತವರನ್ನು ಊರೊಳಗೆ ಹೂಳಬಾರದೆಂಬುದು ರೋಮನ್ನರ ಕಟ್ಟಳೆ. ಬಾಗಿಲಿನಿಂದ ಮುಂದಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ರಾಜಬೀದಿ, ಕರಿಕಲ್ಲಿನ ದೊಡ್ಡ ಚಪ್ಪಡಿಗಳ ಹಾಸು. ಕಲ್ಲಿನ ಮೇಲೆ ಗಾಡಿಚಕ್ರ ಕೊರೆದ ಜಾಡು ಇವತ್ತಿಗೂ ಸ್ಪಷ್ಟ. ಎರಡೂ ಕಡೆ ಕೊಡೆ ಬಿಚ್ಚಿ ನಿಂತಂಥ ಪೈನ್ ಮರಗಳು.

ಟೈಬರ್ ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಹುಟ್ಟಿದ ಊರು ಇದು. ರೋಮಿನ ನಾಲ್ಕನೆಯ ಅರಸ ಆಂಕಸ್ ಮಾರ್ಸಿಯಸ್ ಇದನ್ನು ಕಟ್ಟಿಸಿದ ಎಂದು ಐತಿಹ್ಯ. ನೆಲ ಅಗೆದಾಗ ಸಿಕ್ಕಿದ ಅತಿ ಹಳೆಯ ಕೋಟೆ ಮಾತ್ರ ಕ್ರಿ.ಪೂ. ನಾಲ್ಕನೆಯ ಶತಮಾನದ್ದು. ಅಳಿವೆಯ ಊರು ಎಂದೆನಲ್ಲ, ಇವತ್ತು ಅಲ್ಲಿ ನಿಂತು ಕಡಲನ್ನು ಹುಡುಕಿದರೆ ಕಾಣುವುದಿಲ್ಲ. ಎರಡು ಸಾವಿರ ವರ್ಷದಲ್ಲಿ ನದಿ ತಂದು ಹಾಕಿದ ಹೂಳು ತೀರವನ್ನು ಸುಮಾರು ಮೂರು ಕಿಲೋಮೀಟರ್ ಆಚೆಗೆ ತಳ್ಳಿದೆ.

ರಾಜಬೀದಿಯಲ್ಲಿ ಸ್ವಲ್ಪ ದೂರ ನಡೆದರೆ ಬಲಕ್ಕೆ ಒಂದು ಮೆಟ್ಟಿಲು. ಹತ್ತಿದರೆ ಸಣ್ಣ ಜಗಲಿ. ಅಲ್ಲಿಂದ ಕೆಳಗೆ ನೋಡಿದಾಗ ಮೊದಲು ಒಂದು ಕ್ಷಣ ಏನೂ ತಿಳಿಯುವುದಿಲ್ಲ. ಸೂರಿಲ್ಲದ ಒಂದು ಹಜಾರ, ಅದರ ನೆಲ ಪೂರ್ತಿ ಬಿಳಿ, ಬಿಳಿಯ ಮೇಲೆ ಕಪ್ಪು ಆಕೃತಿಗಳ ನೂಕುನುಗ್ಗಲು. ಕಣ್ಣು ಹೊಂದಿಕೊಂಡ ಮೇಲೆ ನಡುವೆ ನೆಪ್ಚೂನ್ ಕಾಣುತ್ತಾನೆ, ರೋಮನ್ನರ ಸಮುದ್ರ ದೇವತೆ. ಕೈಯಲ್ಲಿ ತ್ರಿಶೂಲ. ಮುಂದೆ ನಾಲ್ಕು ಕುದುರೆಗಳು, ಹಿಂಭಾಗ ಮಾತ್ರ ಸುರುಳಿ ಸುತ್ತಿದ ಮೀನಿನದು. ಸುತ್ತ ಡಾಲ್ಫಿನ್‌ಗಳು, ಕಡಲಕನ್ನೆಯರು, ಅರೆ ಮನುಷ್ಯ ಅರೆ ಮೀನಾದ ಟ್ರೈಟನ್‌ಗಳು. ಹದಿನೆಂಟು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚಿತ್ರ. ಇದು ಸ್ನಾನಗೃಹದ ನೆಲ. ನೆಪ್ಚೂನ್ ಸ್ನಾನಗೃಹ ಎಂಬ ಹೆಸರೂ ಅದರಿಂದಲೇ ಬಂದದ್ದು. ಹೇಡ್ರಿಯನ್ ಚಕ್ರವರ್ತಿ ಇದಕ್ಕೆ ಇಪ್ಪತ್ತು ಲಕ್ಷ ಸೆಸ್ಟರ್ಸ್ ನಾಣ್ಯ ಕೊಡುತ್ತೇನೆಂದು ಮಾತುಕೊಟ್ಟಿದ್ದ. ಅದು ಸಾಲದೆ ಹೋಗಿ, ಮುಂದಿನ ಚಕ್ರವರ್ತಿ ಆಂಟೊನೈನಸ್ ಪಯಸ್ ಇನ್ನಷ್ಟು ಹಣ ಸೇರಿಸಿ, ಅಮೃತಶಿಲೆಯನ್ನೂ ಕೊಟ್ಟು ಕ್ರಿ.ಶ. 139ರಲ್ಲಿ ಕೆಲಸ ಮುಗಿಸಿದ. ಸರ್ಕಾರಿ ಕಟ್ಟಡದ ಖರ್ಚು ಅಂದಾಜು ಮೀರುವುದು ಇಂದಿನ ಕಥೆಯಲ್ಲ ನೋಡಿ. ಈ ವಿವರವೆಲ್ಲ ಶಾಸನದಲ್ಲೇ ಇದೆ.

ಈ ಚಿತ್ರದ ಜಾಣ್ಮೆ ಮೇಲಿಂದ ನೋಡಿದರೆ ಪೂರ್ತಿ ತಿಳಿಯದು. ಅದನ್ನು ಹಾಕಿದವನು ಜಗಲಿಯಲ್ಲಿ ನಿಂತ ಪ್ರವಾಸಿಗಾಗಿ ಹಾಕಲಿಲ್ಲ, ಒದ್ದೆಗಾಲಿನಲ್ಲಿ ನಡೆದುಹೋಗುವವನಿಗಾಗಿ ಹಾಕಿದ. ಗೋಡೆಯ ಚಿತ್ರಕ್ಕೆ ತಲೆ ಯಾವುದು ಬುಡ ಯಾವುದು ಎಂಬುದು ಗೊತ್ತುಮಾಡಿದ್ದು. ನೆಲದ ಚಿತ್ರಕ್ಕೆ ನಾಲ್ಕು ದಿಕ್ಕಿನಿಂದಲೂ ಜನ ಬರುತ್ತಾರೆ. ಅದಕ್ಕೇ ಅವನು ಆಕೃತಿಗಳನ್ನು ಅಂಚಿನ ಸುತ್ತಲೂ ತಿರುಗಿಸಿಟ್ಟಿದ್ದಾನೆ. ಯಾವ ಬಾಗಿಲಿನಿಂದ ಒಳಗೆ ಬಂದರೂ ನಿಮ್ಮ ಕಡೆಗೆ ನೆಟ್ಟಗೆ ನಿಂತ ಒಂದು ಪ್ರಾಣಿ ಇದ್ದೇ ಇರುತ್ತದೆ. ದೂರ ಹತ್ತಿರಗಳ ಭ್ರಮೆ ಹುಟ್ಟಿಸಲು ಅವನು ಹೋಗಿಲ್ಲ. ಕಾಲಡಿಯ ನೆಲದಲ್ಲಿ ಆಳದ ಭ್ರಮೆ ಹುಟ್ಟಿಸಿದರೆ ನಡೆಯುವವನು ಎಡವಿಬಿದ್ದಾನು.

ಮೊಸಾಯಿಕ್ ಹಾಕುವುದೆಂದರೆ ಬರೀ ಚೂರು ಜೋಡಿಸುವ ಕೆಲಸವಲ್ಲ, ಅದರ ಬಾಳಿಕೆಯೆಲ್ಲ ಕೆಳಗಿನ ಪದರಗಳಲ್ಲಿ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಅದರ ಕ್ರಮ ಬರೆದಿಟ್ಟಿದ್ದಾನೆ. ಎಲ್ಲಕ್ಕಿಂತ ಕೆಳಗೆ ಮುಷ್ಟಿಗಾತ್ರದ ಕಲ್ಲು. ಅದರ ಮೇಲೆ ಜಲ್ಲಿ ಸುಣ್ಣ ಕಲಸಿ ದಿಮ್ಮಸು ಹೊಡೆದ ಪದರ. ಆಮೇಲೆ ಕುಟ್ಟಿದ ಇಟ್ಟಿಗೆಪುಡಿಯ ಗಾರೆ. ಕೊನೆಗೆ ಚೂರುಗಳು. ಓಸ್ತಿಯಾದಲ್ಲಿ ಬಿಳಿಗೆ ಸುಣ್ಣಕಲ್ಲು, ಕಪ್ಪಿಗೆ ಜ್ವಾಲಾಮುಖಿಯ ಕಲ್ಲು, ಒಂದೊಂದು ಚೂರು ಸುಮಾರು ಒಂದು ಸೆಂಟಿಮೀಟರ್. ಅಡಿಪಾಯ ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಬೇಕೇ? ಮೇಲಿನ ಸೂರು ಕುಸಿದು, ಶತಮಾನಗಟ್ಟಲೆ ಮಣ್ಣು ಕೂತು, ಬೇರು ಇಳಿದರೂ ಆ ನೆಲ ಅಷ್ಟಿಷ್ಟು ಉಬ್ಬುತಗ್ಗಾಗಿದೆಯೇ ಹೊರತು ಒಡೆದು ಹೋಗಿಲ್ಲ. ಬಣ್ಣಬಣ್ಣದ ಮೊಸಾಯಿಕ್ ಶ್ರೀಮಂತರ ಊಟದ ಮನೆಗೆ ಸರಿ. ಸಾವಿರಾರು ಕಾಲು ತುಳಿಯುವ ಜಾಗಕ್ಕೆ ಕಪ್ಪು ಬಿಳುಪೇ ಅಗ್ಗ, ಗಟ್ಟಿ, ದೂರಕ್ಕೂ ಕಾಣುತ್ತದೆ. ಅಗ್ಗಕ್ಕೆ ಮಾಡಿದ್ದನ್ನೇ ಈ ಊರಿನವರು ಒಂದು ಕಲೆಯಾಗಿಸಿದರು.

ಈ ಒಂದು ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸ್ನಾನಗೃಹಗಳು ಸಿಕ್ಕಿವೆ. ಅಷ್ಟೊಂದು ಯಾಕೆ? ಜನ ಇದ್ದದ್ದು ವಠಾರಗಳಲ್ಲಿ. ಮೂರು ನಾಲ್ಕು ಮಜಲಿನ ಇಟ್ಟಿಗೆ ಕಟ್ಟಡಗಳು, ಕೆಳಗೆ ಅಂಗಡಿ, ಮೇಲೆ ಬಾಡಿಗೆ ಕೋಣೆಗಳು. ಮೇಲಿನ ಮಜಲಿಗೆ ನೀರು ಹತ್ತುತ್ತಿರಲಿಲ್ಲ. ಮನೆಯಲ್ಲಿ ಬಚ್ಚಲೇ ಇಲ್ಲದವನಿಗೆ ಊರಿನ ಸ್ನಾನಗೃಹವೇ ಗತಿ. ಮಧ್ಯಾಹ್ನದ ಕೆಲಸ ಮುಗಿದ ಹೊತ್ತಿಗೆ ಎಲ್ಲರೂ ಅತ್ತ ಹೊರಡುತ್ತಿದ್ದರು. ಸಣ್ಣ ಕಾಸೊಂದನ್ನು ಕೊಟ್ಟು ಒಳಗೆ ಹೋಗಿ, ಬಟ್ಟೆ ಬಿಚ್ಚಿಟ್ಟು, ಮೈಗೆ ಎಣ್ಣೆ ಹಚ್ಚಿಕೊಂಡು ಬಯಲಂಗಳದಲ್ಲಿ ಬೆವರು ಬರುವ ತನಕ ಕಸರತ್ತು. ಆಮೇಲೆ ಬಾಗಿದ ಲೋಹದ ಪಟ್ಟಿಯೊಂದರಿಂದ ಎಣ್ಣೆ, ಬೆವರು, ಧೂಳು ಎಲ್ಲವನ್ನೂ ಕೆರೆದು ತೆಗೆಯುವುದು. ಸೋಪಿಲ್ಲ. ಬೆಚ್ಚಗಿನ ಕೋಣೆ, ಬಿಸಿ ಕೋಣೆ, ಬಿಸಿನೀರ ತೊಟ್ಟಿ, ಕಡೆಗೆ ತಣ್ಣೀರಿನಲ್ಲಿ ಒಂದು ಮುಳುಗು.

ಊರ ನಡುವಿನ ಸಾರ್ವಜನಿಕ ಚೌಕವಾದ ಫೋರಂನ ಸ್ನಾನಗೃಹದಲ್ಲಿ ಈ ವ್ಯವಸ್ಥೆ ಚೆನ್ನಾಗಿ ಕಾಣುತ್ತದೆ. ಸುಮಾರು ಕ್ರಿ.ಶ. 160ರದ್ದು. ಚಕ್ರವರ್ತಿಯ ಕಾವಲುಪಡೆಯ ಮುಖ್ಯಸ್ಥ ಗೇವಿಯಸ್ ಮ್ಯಾಕ್ಸಿಮಸ್ ಕಟ್ಟಿಸಿದ್ದು. ಬಿಸಿ ಕೋಣೆಗಳನ್ನೆಲ್ಲ ದಕ್ಷಿಣಕ್ಕೆ, ನೈಋತ್ಯಕ್ಕೆ ಮುಖ ಮಾಡಿ ಸಾಲಾಗಿ ಇಟ್ಟಿದ್ದಾರೆ. ಜನ ಮೀಯಲು ಬರುವ ಹೊತ್ತಿಗೆ ಬಿಸಿಲೂ ಅದೇ ಕಡೆಯಿಂದ ಒಳಗೆ ಬೀಳಬೇಕು. ಉಳಿದ ಶಾಖಕ್ಕೆ ಬೆಂಕಿ. ನೆಲವನ್ನು ಮೊಣಕಾಲೆತ್ತರದ ಇಟ್ಟಿಗೆ ಕಂಬಗಳ ಮೇಲೆ ತೂಗಿಸಿ, ಅದರಡಿ ಬಿಸಿಗಾಳಿ ಓಡಾಡುವಂತೆ ಬಿಟ್ಟಿದ್ದಾರೆ. ಆ ಗಾಳಿ ಗೋಡೆಯೊಳಗಿನ ಟೊಳ್ಳು ಇಟ್ಟಿಗೆಗಳ ಮೂಲಕ ಮೇಲೇರುತ್ತದೆ. ನೆಲವೂ ಬಿಸಿ, ಗೋಡೆಯೂ ಬಿಸಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಬಾಯಿ ಹೊರಗಿದ್ದು ಹಂಡೆ ಒಳಗಿರುತ್ತದಲ್ಲ, ಇದೂ ಹಾಗೆಯೇ. ಸೌದೆ ಒಟ್ಟುವವನು ಒಂದು ಕಡೆ, ಮೀಯುವವನು ಇನ್ನೊಂದು ಕಡೆ. ವ್ಯತ್ಯಾಸ ಎಂದರೆ ಇಲ್ಲಿ ಒಲೆಯ ಮುಂದೆ ದಿನವಿಡೀ ಕೂತವನು ಗುಲಾಮ. ಅವನು ಓಡಾಡುತ್ತಿದ್ದ ನೆಲಮಾಳಿಗೆಯ ಕತ್ತಲ ಓಣಿಗಳನ್ನು ಈಗಲೂ ನೋಡಬಹುದು. ಮಿತ್ರಾ ಸ್ನಾನಗೃಹದ ಕೆಳಗಿನ ಅಂಥ ಒಂದು ಓಣಿಯಲ್ಲಿ ರೋಮನ್ನರು ಪೂಜಿಸುತ್ತಿದ್ದ ಮಿತ್ರಾ ದೇವರ ಗುಡಿಯೇ ಇದೆ. ಮೇಲಿನ ಕಿಂಡಿಯಿಂದ ಬಿದ್ದ ಬೆಳಕಿನಲ್ಲಿ ಹೋರಿಯ ಮೇಲೆ ಮಂಡಿಯೂರಿದ ದೇವರು. ಮೇಲೆ ಮೀಯುವವರ ಗಲಾಟೆ, ಕೆಳಗೆ ಪೂಜೆ.

ಗಲಾಟೆ ಎಂದದ್ದು ಸುಮ್ಮನೆ ಅಲ್ಲ. ಸ್ನಾನಗೃಹದ ಮೇಲೆ ಬಾಡಿಗೆಗಿದ್ದ ತತ್ವಜ್ಞಾನಿ ಸೆನೆಕಾ ಅಲ್ಲಿನ ಸದ್ದುಗಳನ್ನು ಒಂದು ಪತ್ರದಲ್ಲಿ ಬರೆದಿದ್ದಾನೆ. ಭಾರ ಎತ್ತುವವರ ಏದುಸಿರು, ಮೈ ಉಜ್ಜುವವನ ಅಂಗೈ ಬೆನ್ನಿಗೆ ಬೀಳುವ ಚಪ್ಪಾಳೆ, ತೊಟ್ಟಿಗೆ ಧುಮುಕುವವರ ದಬದಬ, ಕಂಕುಳ ಕೂದಲು ಕೀಳಿಸಿಕೊಳ್ಳುವವನ ಚೀರಾಟ, ತಿಂಡಿ ಮಾರುವವರ ಕೂಗು. ನೀರು ಸ್ವಚ್ಛವಾಗಿತ್ತೇ? ಮಾರ್ಕಸ್ ಆರೇಲಿಯಸ್ ಚಕ್ರವರ್ತಿಗೆ ಸ್ನಾನ ಎಂದರೆ ನೆನಪಾಗುತ್ತಿದ್ದದ್ದು ಎಣ್ಣೆ, ಬೆವರು, ಕೊಳೆ ಮತ್ತು ಜಿಡ್ಡುನೀರು. ರೋಮನ್ನರ ಶುಚಿತ್ವವನ್ನು ಹೊಗಳಿ ಬರೆದ ಪುಸ್ತಕಗಳನ್ನು ಓದುವಾಗ ಈ ಮಾತು ಪಕ್ಕದಲ್ಲಿರಲಿ.

ಸ್ನಾನಗೃಹದಲ್ಲಿ ಎಲ್ಲರೂ ಬೆತ್ತಲೆ, ಆದ್ದರಿಂದ ಎಲ್ಲರೂ ಸಮಾನರು ಎಂದು ಕೆಲವರು ಹೇಳುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಹೇಡ್ರಿಯನ್ ಬಗ್ಗೆ ಒಂದು ಕಥೆ ಇದೆ. ಒಮ್ಮೆ ಸ್ನಾನಗೃಹದಲ್ಲಿ ಅವನು ಒಬ್ಬ ಹಳೆಯ ಸೈನಿಕನನ್ನು ಕಂಡನಂತೆ. ಆತ ಬೆನ್ನನ್ನು ಗೋಡೆಗೆ ಉಜ್ಜುತ್ತಿದ್ದ. ಯಾಕಪ್ಪಾ ಹೀಗೆ ಎಂದರೆ, ಬೆನ್ನುಜ್ಜಲು ಆಳಿಲ್ಲ ಅಂದ. ಚಕ್ರವರ್ತಿ ಅವನಿಗೆ ಆಳುಗಳನ್ನೂ ಅವರ ಖರ್ಚಿಗೆ ಹಣವನ್ನೂ ಕೊಟ್ಟ. ಇನ್ನೊಂದು ದಿನ ಚಕ್ರವರ್ತಿ ಬಂದಾಗ ಎಷ್ಟೋ ಮುದುಕರು ಸಾಲಾಗಿ ನಿಂತು ಗೋಡೆಗೆ ಬೆನ್ನುಜ್ಜುತ್ತಿದ್ದರು. ಆತ ಅವರನ್ನೆಲ್ಲ ಕರೆಸಿ, ಒಬ್ಬರ ಬೆನ್ನನ್ನು ಒಬ್ಬರು ಉಜ್ಜಿಕೊಳ್ಳಿ ಅಂದನಂತೆ. ರೋಮನ್ ಚಕ್ರವರ್ತಿಗಳ ಚರಿತ್ರೆ ಬರೆದವರು ಕಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ, ನಿಜ. ಆದರೂ ಬೆನ್ನುಜ್ಜಲು ಆಳಿರುವವನು ಯಾರು, ಇಲ್ಲದವನು ಯಾರು ಎಂಬುದು ಬಟ್ಟೆ ಬಿಚ್ಚಿದ ಮೇಲೂ ಎಲ್ಲರಿಗೂ ಕಾಣುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮೀಯುವ ಜಾಗ ಬಿಟ್ಟು ಈಗ ದುಡಿಯುವ ಜಾಗಕ್ಕೆ ಬರೋಣ. ಊರಿನ ರಂಗಮಂದಿರದ ಹಿಂದೆ ಒಂದು ದೊಡ್ಡ ಚೌಕ ಇದೆ, ಮಧ್ಯೆ ಗುಡಿ, ಮೂರು ಬದಿಗೆ ಅರವತ್ತರಷ್ಟು ಸಣ್ಣ ಕೋಣೆಗಳು. ಇವು ವ್ಯಾಪಾರಿ ಸಂಘಗಳ, ಹಡಗಿನವರ ಕಚೇರಿಗಳು. ಗೋಡೆಗಳು ಬಹುಪಾಲು ಹೋಗಿವೆ, ನಾಮಫಲಕ ಉಳಿದಿದೆ. ಯಾಕೆಂದರೆ ಅದು ಇದ್ದದ್ದು ನೆಲದ ಮೇಲೆ, ಹೊಸ್ತಿಲ ಮುಂದೆ. ಸಾರ್ಡೀನಿಯಾ ದ್ವೀಪದ ಕಾಲ್ಯರಿಯ ಹಡಗಿನವರು ಇಲ್ಲಿ. ಫ್ರಾನ್ಸಿನ ನಾರ್ಬೋನ್‌ನವರು ಅಲ್ಲಿ. ಕಾರ್ಥೇಜಿನವರು, ಅಲೆಕ್ಸಾಂಡ್ರಿಯದವರು, ಹಗ್ಗ ಹೊಸೆಯುವವರು, ತೊಗಲಿನ ವ್ಯಾಪಾರಿಗಳು. ಕೆಲವಕ್ಕೆ ಅಕ್ಷರವೂ ಇದೆ, ಕೆಲವಕ್ಕೆ ಹಡಗು, ದೀಪಸ್ತಂಭ, ಕೊಳಗದ ಚಿತ್ರ ಮಾತ್ರ. ಬಂದರಿಗೆ ಬರುವವರಲ್ಲಿ ಓದು ಬರುವವರು ಎಷ್ಟು ಮಂದಿ? ಒಂದು ಕಚೇರಿಯ ಮುಂದೆ ಆನೆ ನಿಂತಿದೆ, ಪಕ್ಕದಲ್ಲಿ ಸಬ್ರಾತದವರು ಎಂಬ ಬರಹ. ಸಬ್ರಾತ ಇವತ್ತಿನ ಲಿಬಿಯಾದಲ್ಲಿದೆ. ಆಫ್ರಿಕದ ಆನೆದಂತವೋ ಆನೆಗಳೋ ಆ ದಾರಿಯಲ್ಲಿ ಬರುತ್ತಿದ್ದಿರಬೇಕು.

ಎಲ್ಲಕ್ಕಿಂತ ದೊಡ್ಡ ಸರಕು ಗೋದಿ. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲೇ ರೋಮಿನಲ್ಲಿ ಪುಕ್ಕಟೆ ಧಾನ್ಯ ಪಡೆಯುವವರ ಪಟ್ಟಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಹೆಸರುಗಳಿದ್ದವು. ಅಷ್ಟು ಬಾಯಿಗೆ ಈಜಿಪ್ಟು, ಉತ್ತರ ಆಫ್ರಿಕಗಳಿಂದ ಗೋದಿ ಬರಬೇಕು, ಇಲ್ಲಿ ಇಳಿಯಬೇಕು, ಅಳೆದು ದೋಣಿಗೆ ತುಂಬಿ ನದಿಯಲ್ಲಿ ಮೇಲಕ್ಕೆ ಎಳೆಯಬೇಕು. ಅಳೆಯುವವರ ಸಂಘದ ಸಭಾಂಗಣದಲ್ಲಿ ಆ ಕೆಲಸದ್ದೇ ಮೊಸಾಯಿಕ್ ಇದೆ. ನಡುವೆ ಕೊಳಗ. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲಿ. ಕೊಳಗದ ಬಾಯಿ ಸವರಿ ಮಟ್ಟಮಾಡುವ ಕೋಲು ಹಿಡಿದವನೊಬ್ಬ. ಮೂಟೆಗಳ ಲೆಕ್ಕ ಹಿಡಿದವನಂತೆ ಕಾಣುವ ಒಬ್ಬ ಹುಡುಗ. ಅಳತೆಯಲ್ಲಿ ಮೋಸ ಆಗದಿರಲಿ ಎಂದು ಆ ಕಾಲದಲ್ಲೂ ಎಷ್ಟು ಕಣ್ಣುಗಳು ಬೇಕಾಗಿದ್ದವು ನೋಡಿ.

ಅಲೆಕ್ಸಾಂಡ್ರಿಯದ ಹೆಸರು ಬಂದಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರುತ್ತದೆ. ಪಶ್ಚಿಮ ಕರಾವಳಿಯ ಕರಿಮೆಣಸು ಅರಬ್ಬೀ ಸಮುದ್ರ, ಕೆಂಪು ಸಮುದ್ರ ದಾಟಿ, ನೈಲ್ ನದಿಯಲ್ಲಿ ಇಳಿದು, ಅಲೆಕ್ಸಾಂಡ್ರಿಯದಲ್ಲಿ ಮತ್ತೆ ಹಡಗು ಹತ್ತಿ ಇಟಲಿಗೆ ಹೋಗುತ್ತಿತ್ತು. ಭಾರತ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಂತೆ ರೋಮಿನ ಹಣ ನುಂಗುತ್ತದೆ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ಹೇಡ್ರಿಯನ್ ಮಾತುಕೊಟ್ಟ ಇಪ್ಪತ್ತು ಲಕ್ಷದ ಲೆಕ್ಕದಲ್ಲಿ ನೋಡಿದರೆ ಅದು ಇಪ್ಪತ್ತೈದು ನೆಪ್ಚೂನ್ ಸ್ನಾನಗೃಹಗಳಿಗಾಗುವ ಹಣ. ಅದೇ ಪ್ಲಿನಿ ಮಲಬಾರಿನ ಮುಜಿರಿಸ್ ಬಂದರಿನ ಹತ್ತಿರ ನೈಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ, ಹುಷಾರು ಎಂದೂ ಬರೆದ. ಆ ಜಾಗ ನೇತ್ರಾವತಿಯ ತೀರ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಕಳ್ಳರ ಕೈಗೆ ಸಿಗದೆ ಒಳನಾಡಿಗೆ ಬಂದ ರೋಮನ್ ಹಣವೂ ಉಂಟು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಅಂಥ ನಾಣ್ಯಗಳ ಒಂದು ನಿಧಿಯೇ ಸಿಕ್ಕಿತು.

ವ್ಯಾಪಾರಿ ಸಂಘಗಳ ಚೌಕದ ಮೊಸಾಯಿಕ್‌ಗಳನ್ನು ಎಲ್ಲ ಮಾರ್ಗದರ್ಶಿ ಪುಸ್ತಕಗಳೂ ಹೊಗಳುತ್ತವೆ. ನನಗೆ ಹೆಚ್ಚು ಇಷ್ಟವಾಗುವುದು ಬೀದಿಬದಿಯ ಚಿಲ್ಲರೆ ನೆಲಗಳು. ಒಂದು ಮೀನಂಗಡಿ. ಕಟ್ಟೆ, ತೊಟ್ಟಿ ಇನ್ನೂ ಇವೆ. ನೆಲದಲ್ಲಿ ಆಕ್ಟೋಪಸ್ ಹಿಡಿದ ಡಾಲ್ಫಿನ್, ಜೊತೆಗೊಂದು ಸಾಲು: ಹೊಟ್ಟೆಕಿಚ್ಚಿನವನೇ, ನಿನ್ನನ್ನು ತುಳಿಯುತ್ತೇನೆ. ಅಂಗಡಿಗೆ ಬಂದ ಗಿರಾಕಿಯೆಲ್ಲ ಗೊತ್ತಿಲ್ಲದೆಯೇ ಆ ಹೊಟ್ಟೆಕಿಚ್ಚಿನವನನ್ನು ತುಳಿದು ಮೀನು ಕೊಂಡುಹೋಗುತ್ತಿದ್ದ. ದೃಷ್ಟಿ ತಾಗದಿರಲು ಇದಕ್ಕಿಂತ ಪಕ್ಕಾ ಉಪಾಯ ನಾನು ಕಂಡಿಲ್ಲ. ಇನ್ನೊಂದು ಕಡೆ ಫಾರ್ಚುನೇಟಸ್ ಎಂಬವನ ಹೆಂಡದಂಗಡಿ. ಬಾಯಾರಿದೆಯಲ್ಲ, ಒಳಗೆ ಬಂದು ಕುಡಿ ಎಂದು ಪಾತ್ರೆಯ ಚಿತ್ರದ ಸಮೇತ ನೆಲವೇ ಕರೆಯುತ್ತದೆ.

ಊರಬಾಗಿಲ ಹತ್ತಿರ ಗಾಡಿಯವರ ಸ್ನಾನಗೃಹ. ರೋಮಿಗೂ ಓಸ್ತಿಯಾಕ್ಕೂ ನಡುವೆ ಬಾಡಿಗೆ ಗಾಡಿ ಹೊಡೆಯುತ್ತಿದ್ದವರಿಗೆ ಸೇರಿದ್ದೆಂದು ಅದರ ನೆಲ ನೋಡಿ ಊಹಿಸಿದ್ದಾರೆ. ಸುತ್ತಲೂ ಕೋಟೆಗೋಡೆ, ಗಾಡಿ, ಗಾಡಿ ತುಂಬ ಜನ, ಹೇಸರಗತ್ತೆಗಳು. ಅವುಗಳಿಗೆ ಹೆಸರು ಬೇರೆ ಬರೆದಿದ್ದಾರೆ. ಒಂದು ಹೆಸರು ಪೊಡಾಗ್ರೋಸಸ್, ಅಂದರೆ ಕೀಲುನೋವಿನವ. ಕುಂಟುವ ಪ್ರಾಣಿಗೆ ಗಾಡಿಯವನು ಇಟ್ಟ ಅಡ್ಡಹೆಸರಿರಬೇಕು. ಚಕ್ರವರ್ತಿಗಳ ಎಷ್ಟೋ ವಿಗ್ರಹಗಳು ಈಗ ಯಾರವೆಂದು ಗುರುತಿಸಲಾಗದಂತೆ ಬಿದ್ದಿವೆ, ಈ ಹೇಸರಗತ್ತೆಯ ಹೆಸರು ಮಾತ್ರ ನಮಗೆ ಗೊತ್ತು.

ಏಳು ಜ್ಞಾನಿಗಳ ಸ್ನಾನಗೃಹದ ವಿಷಯ ಬಾನುಲಿಯಲ್ಲಿ ಹೇಳಬಹುದೋ ಇಲ್ಲವೋ ಎಂದು ಯೋಚಿಸಿದೆ, ಹೇಳಿಯೇಬಿಡುತ್ತೇನೆ. ಅಲ್ಲಿ ಒಂದು ಕೋಣೆಯ ಗೋಡೆಯಲ್ಲಿ ಸೋಲನ್, ಥೇಲಿಸ್, ಕೈಲನ್ ಮೊದಲಾದ ಗ್ರೀಕ್ ಜ್ಞಾನಿಗಳು ಗಂಭೀರವಾಗಿ ಕುಳಿತಿದ್ದಾರೆ. ಪಕ್ಕದಲ್ಲಿ ಬರೆದಿರುವ ಅವರ ಉಪದೇಶವೆಲ್ಲ ಮಲವಿಸರ್ಜನೆಯ ಬಗ್ಗೆ. ಒಬ್ಬ ಹೊಟ್ಟೆ ನೀವಿಕೊಳ್ಳಲು ಹೇಳಿದರೆ, ಇನ್ನೊಬ್ಬ ತಿಣುಕಲು ಹೇಳುತ್ತಾನೆ. ಕೈಲನ್ ಕಲಿಸುವುದು ಸದ್ದಿಲ್ಲದೆ ಗಾಳಿ ಬಿಡುವ ವಿದ್ಯೆ. ಅವರ ಕೆಳಗೆ ಸಾಲಾಗಿ ಪಾಯಿಖಾನೆಯಲ್ಲಿ ಕುಳಿತ ಸಾಮಾನ್ಯರ ಚಿತ್ರ. ಫೋರಂ ಹತ್ತಿರದ ನಿಜವಾದ ಸಾರ್ವಜನಿಕ ಪಾಯಿಖಾನೆಯೂ ಹೀಗೆಯೇ. ಇಪ್ಪತ್ತು ಅಮೃತಶಿಲೆಯ ಪೀಠಗಳು, ನಡುವೆ ಮರೆಯಿಲ್ಲ. ಶಾಲೆಯ ಮಕ್ಕಳ ಗುಂಪುಗಳು ಇಲ್ಲಿ ಬಿಡುವಷ್ಟು ನಗೆ ಬೇರೆಲ್ಲೂ ಬಿಡುವುದಿಲ್ಲ.

ಇಷ್ಟು ಗದ್ದಲದ ಊರು ಹೇಗೆ ಬರಿದಾಯಿತು? ನದಿಯ ಬಾಯಿ ದೊಡ್ಡ ಹಡಗಿಗೆ ಸಾಲದೆ ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 42ರಲ್ಲಿ ಉತ್ತರಕ್ಕೆ ಪೋರ್ಟಸ್ ಎಂಬ ಹೊಸ ಬಂದರಿಗೆ ಕೈಹಾಕಿದ. ಅದೂ ಅಷ್ಟೇನು ಭದ್ರವಲ್ಲ. 62ರಲ್ಲಿ ಬಿರುಗಾಳಿಗೆ ಬಂದರಿನೊಳಗೇ ಸುಮಾರು ಇನ್ನೂರು ಹಡಗು ಮುಳುಗಿದವು. ಮುಂದೆ ಟ್ರೇಜನ್ ಚಕ್ರವರ್ತಿ ಅದರ ಹಿಂದೆ ಆರು ಮೂಲೆಯ ಕೊಳವೊಂದನ್ನು ತೋಡಿಸಿದ. ರೋಮಿನ ಫ್ಯೂಮಿಚೀನೋ ನಿಲ್ದಾಣಕ್ಕೆ ವಿಮಾನ ಇಳಿಯುವಾಗ ಕಿಟಕಿಯ ಪಕ್ಕ ಕೂತವರು ನೋಡಿ, ಅಚ್ಚುಕಟ್ಟಾದ ಆರು ಮೂಲೆಯ ನೀರು ಇವತ್ತಿಗೂ ಹೊಳೆಯುತ್ತದೆ. ಹೊಸ ಬಂದರು ಬಂದ ಮೇಲೂ ಎರಡನೆಯ ಶತಮಾನವೆಲ್ಲ ಓಸ್ತಿಯಾ ಸೊಂಪಾಗಿಯೇ ಇತ್ತು. ಮೂರನೆಯ ಶತಮಾನದಿಂದ ಇಳಿಗಾಲ. ವಠಾರಗಳು ಖಾಲಿಯಾದಂತೆ ಸಿರಿವಂತರು ಕೆಲವರು ಅಂಗಡಿ ಸಾಲುಗಳನ್ನು ಒಡೆದು ಬಣ್ಣದ ಅಮೃತಶಿಲೆ ಹಾಸಿದ ಮನೆ ಕಟ್ಟಿಸಿಕೊಂಡರು. ಕ್ರಿ.ಶ. 387ರಲ್ಲಿ ಸಂತ ಅಗಸ್ಟೀನನ ತಾಯಿ ಮೋನಿಕಾ ಆಫ್ರಿಕದ ಹಡಗಿಗೆ ಕಾಯುತ್ತಿದ್ದಾಗ ತೀರಿಕೊಂಡದ್ದು ಇಲ್ಲೇ. ಅವಳ ಸಮಾಧಿಶಾಸನದ ತುಂಡು 1945ರಲ್ಲಿ ಸಿಕ್ಕಿದ್ದು ಆಟಕ್ಕೆ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ.

ಒಂಬತ್ತನೆಯ ಶತಮಾನದ ಕಡಲ ದಾಳಿಗಳ ಹೊತ್ತಿಗೆ ಉಳಿದವರೂ ಪಕ್ಕದ ಸಣ್ಣ ಕೋಟೆಯೂರಿಗೆ ಸರಿದರು. ಆಮೇಲೆ ಓಸ್ತಿಯಾ ಒಂದು ಕಲ್ಲುಗಣಿ. ಇಲ್ಲಿನ ಅಮೃತಶಿಲೆ ಪೀಸಾ ಮಹಾಮಂದಿರದ ಗೋಡೆ ಸೇರಿತು. ಹಡಗಿಗೇರಿಸದ್ದನ್ನು ಇಲ್ಲೇ ಸುಣ್ಣದ ಗೂಡಿಗೆ ಹಾಕಿ ಸುಟ್ಟರು. ಎಷ್ಟು ವಿಗ್ರಹ ಸುಣ್ಣವಾಯಿತೋ. ಮೊಸಾಯಿಕ್ ಉಳಿದದ್ದಕ್ಕೆ ಕಾರಣವೂ ಇದರಲ್ಲೇ ಇರಬೇಕು: ಚೂರುಕಲ್ಲನ್ನು ಕಿತ್ತು ಸುಡುವ ಕೂಲಿ ಯಾರಿಗೂ ಗಿಟ್ಟುತ್ತಿರಲಿಲ್ಲ. 1557ರ ಮಹಾಪೂರದಲ್ಲಿ ಟೈಬರ್ ತನ್ನ ಹಳೆಯ ತಿರುವನ್ನೇ ಬಿಟ್ಟು ಬೇರೆ ದಾರಿ ಹಿಡಿಯಿತು. ಹಿಂದೆ ಉಳಿದ ಜೌಗಿನಲ್ಲಿ ಸೊಳ್ಳೆ, ಮಲೇರಿಯಾ. 1884ರಲ್ಲಿ ರವೆನ್ನಾದ ಕೂಲಿಕಾರರು ಬಂದು ಕಾಲುವೆ ತೋಡಿ ಜೌಗು ಬತ್ತಿಸುವ ಕೆಲಸಕ್ಕೆ ಕೈಹಚ್ಚಿದ ಮೇಲೆಯೇ ಇಲ್ಲಿ ಬದುಕುವುದು ಸಾಧ್ಯವಾಯಿತು. ಅವರಲ್ಲಿ ಎಷ್ಟೋ ಮಂದಿ ಜ್ವರಕ್ಕೆ ಬಲಿಯಾದರು.

ಈಗ ನಾವು ನೋಡುವ ಓಸ್ತಿಯಾದ ದೊಡ್ಡ ಪಾಲು 1938ರಿಂದ 1942ರೊಳಗೆ ಅಗೆದು ತೆಗೆದದ್ದು. ಇಟಲಿಯ ಸರ್ವಾಧಿಕಾರಿ ಮುಸೊಲಿನಿ 1942ಕ್ಕೆ ರೋಮಿನಲ್ಲಿ ವಿಶ್ವ ಮೇಳ ನಡೆಸಲು ಹೊರಟಿದ್ದ, ಬಂದವರಿಗೆ ಪ್ರಾಚೀನ ರೋಮನ್ ಊರೊಂದನ್ನು ತೋರಿಸಬೇಕಿತ್ತು. ಪುರಾತತ್ವಜ್ಞ ಗ್ವೀದೋ ಕಾಲ್ಜಾ ಮೇಲ್ವಿಚಾರಣೆಯಲ್ಲಿ ಭರದಿಂದ ಕೆಲಸ ನಡೆಯಿತು. ಯುದ್ಧ ಬಂದು ಮೇಳ ನಿಂತೇಹೋಯಿತು. ಆ ಅವಸರಕ್ಕೆ ತೆತ್ತ ಬೆಲೆ ದೊಡ್ಡದು. ಎರಡನೆಯ ಶತಮಾನದ ವೈಭವ ಬೇಗ ಸಿಗಲಿ ಎಂದು ಅದರ ಮೇಲಿದ್ದ ಐದಾರನೆಯ ಶತಮಾನದ ಪದರಗಳನ್ನು ಸರಿಯಾಗಿ ದಾಖಲಿಸದೆ ತೆಗೆದೆಸೆದರು. ಊರು ಹೇಗೆ ಬೆಳೆಯಿತು ಎಂಬುದು ಇವತ್ತು ವಿವರವಾಗಿ ತಿಳಿದಿದೆ, ಕೊನೆಗಾಲದಲ್ಲಿ ಯಾರು ಹೇಗೆ ಉಳಿದುಕೊಂಡಿದ್ದರು ಎಂಬುದನ್ನು ಹೇಳಬೇಕಾದ ಮಣ್ಣು ಇಲ್ಲ.

ಉಳಿದ ಕಡೆ ಈಗ ನಿಧಾನವಾಗಿ ಅಗೆಯುತ್ತಿದ್ದಾರೆ. ನೆಲ ಅಗೆಯದೆಯೇ ಒಳಗಿರುವುದನ್ನು ಪತ್ತೆ ಮಾಡುವ ಉಪಕರಣ ಹಿಡಿದು ಸೌತಾಂಪ್ಟನ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತಂಡ ನದಿಯ ಆಚೆ ದಡದ ಹೊಲಗಳಲ್ಲಿ ಓಡಾಡಿತು. 2014ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಓಸ್ತಿಯಾ ನದಿಯ ಆ ಬದಿಗೂ ಹಬ್ಬಿತ್ತು, ಅಲ್ಲೂ ಕೋಟೆಗೋಡೆ ಇದೆ, ದೊಡ್ಡ ಉಗ್ರಾಣಗಳಿವೆ. ಅಲ್ಲಿಯ ತನಕ ನದಿಯೇ ಊರಿನ ಗಡಿ ಎಂದು ಪುಸ್ತಕಗಳೆಲ್ಲ ಹೇಳುತ್ತಿದ್ದವು.

ಹೋಗುವವರಿಗೆ ಒಂದೆರಡು ಮಾತು. ಸೋಮವಾರ ರಜೆ. ಒಳಗೆ ನೆರಳು ಕಡಿಮೆ, ನಡಿಗೆ ಜಾಸ್ತಿ, ಕಲ್ಲುಹಾಸಿನ ಮೇಲೆ ತೆಳು ಚಪ್ಪಲಿ ನಡೆಯುವುದಿಲ್ಲ. ಅರ್ಧ ದಿನ ಸಾಕೆಂದು ಹೋಗಬೇಡಿ. ಮಳೆ ಚಳಿಗೆ ಕೆಡದಿರಲೆಂದು ಎಷ್ಟೋ ಮೊಸಾಯಿಕ್‌ಗಳನ್ನು ಹಾಸು ಹೊದಿಸಿ ಮರಳು ಸುರಿದು ಮುಚ್ಚಿಡುತ್ತಾರೆ, ಸರದಿಯ ಮೇಲೆ ತೆರೆಯುತ್ತಾರೆ. ಕೈಯಲ್ಲೋ ಕಾಲಲ್ಲೋ ಮರಳು ಸರಿಸಿ ನೋಡುವ ಪ್ರವಾಸಿಗಳೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಹೋಗುವ ಮುನ್ನ ಟಿಕೆಟ್ ಕೊಡುವವರನ್ನೇ ಕೇಳಿ, ಇವತ್ತು ಯಾವ ಯಾವ ನೆಲ ತೆರೆದಿದೆ ಎಂದು.